ಸಗರನಾಡನ್ನು ಬಳಸಿ ಹೋದ ಹಳಿ

(ಬಳಗದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಮಳೆಯ ಸದ್ದಿನಲ್ಲಿ ಮಾತನಾಡುವ ಅಭ್ಯಾಸ ನನಗಿಲ್ಲ. ನಾನು ಬಂದಿರುವುದು ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಎರೆನೆಲದಿಂದ. ಶಹಾಪುರ, ಸುರಪುರಗಳ ಆ ಸೀಮೆಗೆ ಹಿಂದಿನವರು ಸಗರನಾಡು ಎಂದು ಹೆಸರಿಟ್ಟಿದ್ದರು. ಅಲ್ಲಿ ಮರ ಕಡಿಮೆ, ಬಂಡೆ ಹೆಚ್ಚು. ಮಳೆಯನ್ನು ನಾವು ಕಾಯುತ್ತೇವೆ, ನಿಮ್ಮ ಹಾಗೆ ಬೈಯುವ ಭಾಗ್ಯ ನಮಗಿಲ್ಲ. ಕಾಡು ಉಳಿಸುವ ಬಳಗವೊಂದು ಬಯಲಿನವನನ್ನು ಕರೆದು ‘ನಿಮ್ಮ ಕಡೆಯ ರೈಲಿನ ಕಥೆ ಹೇಳಿ’ ಎಂದಾಗ ನನಗೆ ಮೊದಲು ಅಳುಕಾಯಿತು. ಏಕೆಂದರೆ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ನೂರಾರು ಹೆಕ್ಟೇರ್ ಕಾಡು ಬಲಿಯಾಗಬಾರದೆಂದು ನೀವು ಎರಡು ದಶಕಕ್ಕೂ ಮಿಕ್ಕಿ ಹೋರಾಡಿದವರು. ನಾವಾದರೋ ರೈಲು ಬೇಕು, ರೈಲು ಬೇಕು ಎಂದು ಅಷ್ಟೇ ಕಾಲದಿಂದ ಮನವಿಪತ್ರ ಬರೆಯುತ್ತಾ ಬಂದವರು. ಈ ಎರಡು ಕೂಗುಗಳು ಒಂದೇ ಸಭಾಂಗಣದಲ್ಲಿ ಕೂರಲು ಸಾಧ್ಯವೇ ಎಂಬುದನ್ನು ನೋಡೋಣ ಎಂಬ ಧೈರ್ಯದಿಂದ ಬಂದಿದ್ದೇನೆ.

ಮೊದಲು ದಾರಿಯ ಕಥೆ. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಓಡಿದ ಮೊದಲ ಗಾಡಿಯ ವಿಷಯ ಶಾಲೆಯ ಮಕ್ಕಳಿಗೂ ಗೊತ್ತು. ಆ ಗಾಡಿಯನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಕಣ್ಣು ಮದರಾಸಿನ ಮೇಲಿತ್ತು. ಅಡ್ಡವಾಗಿ ನಿಂತದ್ದು ಸಹ್ಯಾದ್ರಿ, ಅಂದರೆ ನಿಮ್ಮ ಘಟ್ಟವೇ. ಖಂಡಾಲಾ ಬಳಿಯ ಬೋರ್ ಘಟ್ಟವನ್ನು ಕೊರೆಯಲು ಒಂದು ಹಂತದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ದುಡಿದರು. ಕಾಲರಾ, ಜ್ವರ, ಕುಸಿದ ಬಂಡೆ, ಸಿಡಿದ ಮದ್ದು ಇವುಗಳಿಗೆ ಸಾವಿರಾರು ಮಂದಿ ಬಲಿಯಾದರು. ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡಾಗ, ಅವನ ಹೆಂಡತಿ ಆಲಿಸ್ ಆ ಗುತ್ತಿಗೆಯನ್ನು ಮುಂದುವರಿಸಿದಳು. 1863ರಲ್ಲಿ ಘಟ್ಟದ ಹಳಿ ತೆರೆಯಿತು. ಆಲಿಸಳ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಬಂಡೆಯ ಕೆಳಗೆ ಉಳಿದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಅಷ್ಟರೊಳಗೆ, ಪುಣೆಯ ಆಚೆ, ಹಳಿ 1860ರಲ್ಲಿಯೇ ಸೋಲಾಪುರ ಮುಟ್ಟಿತ್ತು. ಅಲ್ಲಿ ಅದು ಹತ್ತು ವರ್ಷ ನಿಂತಿತು. ಮುಂದಿನದು ನಿಜಾಮರ ಸೀಮೆ. ಆ ಹತ್ತು ವರ್ಷ ನಮ್ಮ ಸಗರನಾಡಿಗೆ ಎಂಥವು ಎಂಬುದನ್ನು ನೆನಪಿಸಿಕೊಳ್ಳಬೇಕು. 1858ರಲ್ಲಿ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದು ಸೋತ, ಸೆರೆಸಿಕ್ಕ, ಅದೇ ವರ್ಷ ಗುಂಡಿಗೆ ಬಲಿಯಾದ. 1860ರಲ್ಲಿ ಆ ಸಂಸ್ಥಾನವನ್ನು ನಿಜಾಮರಿಗೆ ಒಪ್ಪಿಸಲಾಯಿತು. ಒಂದು ರಾಜಧಾನಿ ಎರಡೇ ವರ್ಷದಲ್ಲಿ ಒಂದು ಕಸಬೆಯಾಯಿತು. ಆ ದೊರೆ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಅವನ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಗುಡ್ಡದ ಮೇಲಿದೆ. ಅವನು ರಸ್ತೆ ಮಾಡಿಸಿದ, ಕೆರೆ ಕಟ್ಟಿಸಿದ; ಇಂದು ಪಕ್ಷಿಧಾಮವಾಗಿರುವ ಬೋನಾಳದ ಕೆರೆಯ ಜೊತೆಗೆ ಅವನ ಹೆಸರೂ ಸೇರಿದೆ. ಟೇಲರನ ಕಾಲದ ಸುರಪುರಕ್ಕೆ ರಸ್ತೆಯೂ ನೀರೂ ಬಂದವು. ಅನಂತರದ ಸುರಪುರಕ್ಕೆ ಬರಬಹುದಾಗಿದ್ದ ರೈಲು ಬರಲಿಲ್ಲ.

ಏಕೆ ಬರಲಿಲ್ಲ? ನಮ್ಮ ಕಡೆ ಇದಕ್ಕೊಂದು ಮಾತಿದೆ: ಬಂಡಾಯದ ಸೀಮೆಯೆಂದು ಬಿಳಿಯರು ಸೇಡು ತೀರಿಸಿಕೊಂಡರು ಎಂದು. ಕೇಳಲು ಹಿತವಾದ ಮಾತು, ಸ್ವಾಭಿಮಾನಕ್ಕೆ ಒಳ್ಳೆಯದು. ಆದರೆ ನಕ್ಷೆಯನ್ನು ಹರಡಿ ನೋಡಿದರೆ ಕಾರಣ ಇನ್ನೂ ಸರಳವಾಗಿ ಕಾಣುತ್ತದೆ. ಸೋಲಾಪುರದಿಂದ ರಾಯಚೂರಿಗೆ ಹೋಗುವವನು ಸಗರನಾಡಿನ ಮೂಲಕ ಹೋದರೆ ಮೊದಲು ಭೀಮೆಯನ್ನು ದಾಟಬೇಕು, ಮುಂದೆ ಕೃಷ್ಣೆಯನ್ನೂ ದಾಟಬೇಕು. ಭೀಮೆಯ ಎಡದಂಡೆಯನ್ನೇ ಹಿಡಿದು ಗುಲಬರ್ಗಾ, ಶಹಾಬಾದ್, ವಾಡಿ, ನಾಲವಾರ, ಯಾದಗಿರಿ, ಸೈದಾಪುರಗಳ ಮೇಲೆ ಇಳಿದರೆ, ಎರಡು ನದಿಗಳೂ ಕೂಡಿದ ಮೇಲೆ ಕೆಳಗೆ ಒಂದೇ ಸೇತುವೆ ಸಾಕು. ಎಂಜಿನಿಯರನ ಲೆಕ್ಕ ಅದು. ಕೃಷ್ಣೆಗೆ ಕಟ್ಟಿದ ಆ ಉದ್ದನೆಯ ಸೇತುವೆಯ ಮೇಲಿಂದ ಹಾದು ಮುಂಬಯಿಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲ್ವೆಯ ಹಳಿಯನ್ನು ಕೂಡಿತು. ಯಾದಗಿರಿಗೆ ರೈಲು ಬಂತು. ಭೀಮೆಯ ಆಚೆ ದಂಡೆಯ ಶಹಾಪುರ ಸುಮಾರು ಮೂವತ್ತೈದು ಕಿಲೋಮೀಟರ್ ದೂರದಲ್ಲಿ, ಸುರಪುರ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಆಚೆಗೆ ಉಳಿದವು. ಸೇಡಿಗಿಂತ ಉಳಿತಾಯ ಊರುಗಳಿಗೆ ಹೆಚ್ಚು ಕ್ರೂರವಾಗಬಲ್ಲದು. ಸೇಡು ತೀರಿಸಿಕೊಂಡವನು ಹಿಂದಿರುಗಿಯಾದರೂ ನೋಡುತ್ತಾನೆ.

ಅದೇ ವೇಳೆಗೆ, 1869ರಲ್ಲಿ, ಅಮೆರಿಕದ ಪೂರ್ವ ಪಶ್ಚಿಮಗಳ ಹಳಿಗಳು ಯೂಟಾ ಪ್ರಾಂತದಲ್ಲಿ ಕೂಡಿಕೊಂಡಿದ್ದವು. ಅಲ್ಲಿ ಕಂಪನಿಗಳಿಗೆ ಸರಕಾರ ಹಳಿಯ ಎರಡೂ ಬದಿಯ ನೆಲವನ್ನೇ ದಾನ ಕೊಟ್ಟಿತು. ಆ ನೆಲ ಯಾರದಾಗಿತ್ತು ಎಂದು ಅಲ್ಲಿನ ಮೂಲನಿವಾಸಿಗಳನ್ನು ಕೇಳಬೇಕು. ಷೈಯನ್‌ನಂಥ ಪಟ್ಟಣಗಳು ಹಳಿಯ ಜೊತೆಯಲ್ಲಿಯೇ ಹುಟ್ಟಿದವು. ಹಳಿ ತಪ್ಪಿದ ಊರಿನವರು ಮನೆಮಾರುಗಳನ್ನು ಕಿತ್ತುಕೊಂಡು ಹಳಿಯ ಬಳಿಗೆ ಹೋದ ಉದಾಹರಣೆಗಳೂ ಅಲ್ಲಿವೆ. ನಮ್ಮಲ್ಲಿ ನೆಲದಾನದ ಬದಲು ಬಡ್ಡಿಯ ಭರವಸೆ ಇತ್ತು. ಲಂಡನ್ನಿನ ಬಂಡವಾಳಗಾರರಿಗೆ ನೂರಕ್ಕೆ ಐದರ ಲಾಭ ಖಾತ್ರಿ. ಕಂಪನಿಗೆ ಅಷ್ಟು ಹುಟ್ಟದಿದ್ದರೆ ಕೊರತೆಯನ್ನು ಇಂಡಿಯಾದ ಕಂದಾಯದಿಂದ ತುಂಬುವುದು. ಮುಂದೆ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿಯ ಭಾರ ನಿಜಾಮರ ಬೊಕ್ಕಸದ ಮೇಲೆ ಬಿತ್ತು. ಇನ್ನು ಊರನ್ನು ಕಿತ್ತುಕೊಂಡು ಹೋಗುವುದು? ಸುರಪುರದ ಗುಡ್ಡ, ಶಹಾಪುರದ ಕೋಟೆ, ದೇವರುಗಳು, ಗೋರಿಗಳು ಇವನ್ನು ಯಾವ ಚಕ್ಕಡಿಯಲ್ಲಿ ಹೇರುವುದು! ಊರುಗಳು ಇದ್ದಲ್ಲೇ ಇದ್ದವು. ವ್ಯಾಪಾರ ಮಾತ್ರ ಎದ್ದು ಯಾದಗಿರಿಗೆ ಹೋಯಿತು.

ಯಾದಗಿರಿ ರೈಲಿನಿಂದ ಹುಟ್ಟಿದ ಊರಲ್ಲ; ಅದರ ಬೆಟ್ಟದ ಕೋಟೆ ಹಳಿಗಿಂತ ಎಷ್ಟೋ ಶತಮಾನ ಹಳೆಯದು. ಆದರೆ ಇಂದಿನ ಯಾದಗಿರಿಯನ್ನು ಮಾಡಿದ್ದು ಸ್ಟೇಷನ್ನೇ. ಹತ್ತಿ, ಶೇಂಗಾ, ತೊಗರಿ, ಜೋಳ ಎಲ್ಲವೂ ಭೀಮೆಯನ್ನು ದಾಟಿ ಅಲ್ಲಿನ ಅಡತಿ ಅಂಗಡಿಗಳಿಗೆ ಬಂದವು. ನನ್ನ ಅಜ್ಜ ಹೇಳುತ್ತಿದ್ದುದನ್ನು ಕೇಳಿದ್ದೇನೆ: ಸುರಪುರದ ಕಡೆಯಿಂದ ಹತ್ತಿ ಹೇರಿದ ಬಂಡಿ ಸಂಜೆ ಹೊರಟರೆ ನಡುವೆ ಒಂದು ವಸತಿ, ಹೊಳೆ ತುಂಬಿದ್ದರೆ ದಂಡೆಯ ಮೇಲೆ ಎರಡು ದಿನ, ಮೂರು ದಿನ. ಹೊಳೆಯ ಆಚೆ ರೈಲಿನ ಕೂಗು ಕೇಳುತ್ತಿರುತ್ತದೆ, ಈಚೆ ಎತ್ತಿಗೆ ಮೇವಿಲ್ಲ. ಎಂಟು ವರ್ಷದವನಿದ್ದಾಗ ನಾನೂ ಅಜ್ಜನ ಜೊತೆ ಮೊದಲ ಸಲ ರೈಲು ನೋಡಿದ್ದು ಯಾದಗಿರಿಯಲ್ಲೇ. ‘ಇದು ಎಲ್ಲಿಗೆ ಹೋಗ್ತದ?’ ಎಂದು ಕೇಳಿದ್ದಕ್ಕೆ ಅಜ್ಜ, ‘ನಮ್ಮೂರಿಗೆ ಬಿಟ್ಟು ಎಲ್ಲಾ ಕಡೆ ಹೋಗ್ತದ ತಮ್ಮಾ’ ಎಂದಿದ್ದರು.

ಆಡಳಿತವೂ ಹಳಿಯ ಹಿಂದೆಯೇ ಹೋಯಿತು. ನಿಜಾಮರ ಕಾಲದಲ್ಲಿ ಸುರಪುರ, ಶಹಾಪುರ ತಾಲ್ಲೂಕುಗಳು ಲಿಂಗಸುಗೂರು ಜಿಲ್ಲೆಯಲ್ಲಿದ್ದವು. 1905ರಲ್ಲಿ ಆ ಜಿಲ್ಲೆಯನ್ನೇ ರದ್ದು ಮಾಡಿ, ಇವೆರಡನ್ನೂ ಗುಲಬರ್ಗಾಕ್ಕೆ ಸೇರಿಸಿದರು. ಗುಲಬರ್ಗಾ, ರಾಯಚೂರು ಎರಡೂ ರೈಲಿನ ಊರುಗಳು. ಲಿಂಗಸುಗೂರು ರೈಲಿಲ್ಲದ ಊರು. ನೂರು ವರ್ಷ ಕಳೆದು 2009–10ರಲ್ಲಿ ಹೊಸ ಜಿಲ್ಲೆ ಮಾಡುವಾಗಲೂ ಕೇಂದ್ರಸ್ಥಾನ ಸಿಕ್ಕಿದ್ದು ಸ್ಟೇಷನ್ ಇದ್ದ ಯಾದಗಿರಿಗೆ. ಶಹಾಪುರದವರು ಅಂದು ಬಹಳ ನೊಂದುಕೊಂಡರು. ನಾನೂ ನೊಂದವರಲ್ಲಿ ಒಬ್ಬ. ಈಗ ಆ ನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ, ಕಾಡಿನ ಕಡೆಗೆ. ಬಯಲಿನಲ್ಲಿ ಹಾಕಿದ ಹಳಿ ಬಯಲಿನ ಮೇಲಷ್ಟೇ ನಿಲ್ಲುವುದಿಲ್ಲ. ಆ ಕಾಲದಲ್ಲಿ ಒಂದು ಮೈಲಿ ಹಳಿಗೆ 1,760ರಿಂದ 2,000 ಮರದ ಸ್ಲೀಪರುಗಳು ಬೇಕೆಂದು ಲೆಕ್ಕ. ಸೋಲಾಪುರದಿಂದ ರಾಯಚೂರಿಗೆ ಸುಮಾರು 160 ಮೈಲಿ. ಪೂರ್ತಿ ಮರವನ್ನೇ ಹಾಕುವುದಾದರೆ ಮೂರು ಲಕ್ಷದ ಸಮೀಪಕ್ಕೆ ಹೋಗುತ್ತದೆ. ಕಂಪನಿ ಕೆಲವೆಡೆ ಬಟ್ಟಲಿನಾಕಾರದ ಕಬ್ಬಿಣದ ಸ್ಲೀಪರುಗಳನ್ನೂ ಹಾಕಿತೆನ್ನಿ. ಆದರೆ ಮರದ ಸ್ಲೀಪರು ಒಮ್ಮೆ ಹಾಕಿ ಮರೆಯುವ ವಸ್ತುವಲ್ಲ. ಗೆದ್ದಲು, ಬಿಸಿಲು, ಮಳೆಗೆ ಸಿಕ್ಕು ಕೆಲವು ವರ್ಷಗಳಲ್ಲಿ ಬದಲಾಗಬೇಕು. ಸಂಸ್ಕರಣೆ ಇಲ್ಲದೆ ತಾಳಿಕೊಳ್ಳುವ ಮರಗಳೆಂದರೆ ತೇಗ, ಸಾಲ, ದೇವದಾರು. ಮದರಾಸು ರೈಲ್ವೆಯಂತೂ ಮೊದಲ ದಶಕಗಳಲ್ಲಿ ಎಂಜಿನ್ನಿನ ಒಲೆಗೂ ಕಟ್ಟಿಗೆಯನ್ನೇ ಹಾಕುತ್ತಿತ್ತು. 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಮುಖ್ಯಸ್ಥನಾಗಿ ಅರಣ್ಯ ಇಲಾಖೆ ಹುಟ್ಟಿದ್ದು, 1865ರಲ್ಲಿ ಮೊದಲ ಅರಣ್ಯ ಕಾಯಿದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಬಂದದ್ದು, ಇವೆಲ್ಲವುಗಳ ಹಿಂದೆ ಈ ಸ್ಲೀಪರಿನ ಚಿಂತೆ ಬಲವಾಗಿಯೇ ಇತ್ತು. ಕಾಡನ್ನು ಕಾಯುವ ಇಲಾಖೆಯನ್ನು ಹುಟ್ಟಿಸಿದ್ದು, ಕಾಡು ಮುಗಿದುಹೋದರೆ ಹಳಿ ಹಾಕಲಾಗದು ಎಂಬ ಭಯ. ನಿಮ್ಮ ಸೊಪ್ಪಿನ ಬೆಟ್ಟ, ದರಕಿನ ಹಕ್ಕುಗಳ ಜಗಳದ ಬೇರನ್ನು ಅಗೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ರೈಲಿನ ಹಳಿ ಹಾರೆಗೆ ತಗಲುತ್ತದೆ.

ಇನ್ನೂ ಒಂದು ನಂಟಿದೆ. ಹಳಿ ಬರುವ ಮುನ್ನ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಯಲ್ಲಿ ನಿಮ್ಮ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಲಂಕಾಶೈರಿನ ವ್ಯಾಪಾರಿಗಳು ಆ ಹತ್ತಿಯನ್ನು ಕುಮಟಾ ಹತ್ತಿ ಎಂದೇ ಕರೆಯುತ್ತಿದ್ದರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಕಾರವಾರಕ್ಕೆ ಘಟ್ಟದ ಮೇಲಿಂದ ರೈಲು ಇಳಿಸಬೇಕೆಂಬ ಮಾತು ಹುಟ್ಟಿದ್ದು ಆ ಹೊತ್ತಿನಲ್ಲೇ. ಅದು ಕೈಗೂಡಲಿಲ್ಲ, ಹಳಿ ಮುಂದೆ ಗೋವೆಯ ಮುರಗಾವಿಗೆ ಇಳಿಯಿತು, ಕುಮಟಾ ಬಂದರು ಸೊರಗಿತು. ನೀವು ಇಂದು ಎದುರಿಸುತ್ತಿರುವ ಯೋಜನೆ ನಿನ್ನೆ ಮೊನ್ನೆಯದಲ್ಲ. ನೂರೈವತ್ತು ವರ್ಷದ ಹಳೆಯ ಕನಸು ಮತ್ತೆ ಮತ್ತೆ ಹೊಸ ಅಂಗಿ ತೊಟ್ಟು ಬರುತ್ತಿದೆ.

ರೈಲು ಹಸಿವನ್ನು ನೀಗುತ್ತದೆ ಎಂಬುದೂ ಆ ಕಾಲದ ದೊಡ್ಡ ಭರವಸೆ. ಹಳಿ ಬಂದ ಐದೇ ವರ್ಷಕ್ಕೆ ಪರೀಕ್ಷೆ ಎದುರಾಯಿತು. ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878. ದಕ್ಷಿಣದಲ್ಲಿ ಐವತ್ತು ಲಕ್ಷದಷ್ಟು ಜನ ಸತ್ತರೆಂಬುದು ಸಾಮಾನ್ಯ ಅಂದಾಜು. ಯಾದಗಿರಿಯ ಮೂಲಕ ಧಾನ್ಯದ ಗಾಡಿಗಳು ಮದರಾಸಿನ ಕಡೆ ಹಾದುಹೋದವು. ಅದರಿಂದ ಕೆಲವು ಜೀವ ಉಳಿದದ್ದು ಸುಳ್ಳಲ್ಲ. ಆದರೆ ಹಳಿಯಿಂದ ದೂರವಿದ್ದ ಊರಿಗೆ ಧಾನ್ಯ ಮುಟ್ಟಬೇಕಾದರೆ ಎತ್ತು ಬೇಕು. ಬರದಲ್ಲಿ ಮೊದಲು ಸಾಯುವುದು ಎತ್ತು. ಜೊತೆಗೆ ಹಳಿ ಎರಡು ಕಡೆಗೂ ಓಡುತ್ತದೆ. ಎಲ್ಲಿ ಬೆಲೆ ಹೆಚ್ಚೋ ಅಲ್ಲಿಗೆ ವ್ಯಾಪಾರಿ ಕಾಳನ್ನು ಸಾಗಿಸುತ್ತಾನೆ. ಕೊಳ್ಳಲು ಕಾಸಿಲ್ಲದವನ ಊರು ಅವನ ನಕ್ಷೆಯಲ್ಲಿಲ್ಲ. ಆ ಬರದ ವರ್ಷಗಳಲ್ಲೂ ಭಾರತದ ಗೋಧಿ ಇಂಗ್ಲೆಂಡಿನ ಹಡಗು ಏರುತ್ತಲೇ ಇತ್ತು.

ಇಪ್ಪತ್ತನೆಯ ಶತಮಾನದ ಆಡಳಿತದ ಕಥೆಯನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ರಸವಿಲ್ಲ. 1951ರಲ್ಲಿ ಕಂಪನಿಯ ಹಳಿ ಮಧ್ಯ ರೈಲ್ವೆಯ ಪಾಲಾಯಿತು. ಮುಂದೆ ನಮ್ಮ ಜಿಲ್ಲೆಗಳ ಹಳಿ ಸೋಲಾಪುರ, ಗುಂತಕಲ್, ಸಿಕಂದರಾಬಾದ್ ವಿಭಾಗಗಳ ನಡುವೆ ಹಂಚಿಹೋಯಿತು. ಕರ್ನಾಟಕದ ನೆಲದ ರೈಲಿನ ದೂರನ್ನು ನೆರೆಯ ರಾಜ್ಯಗಳಿಗೆ ಬರೆಯಬೇಕು. 2014ರಲ್ಲಿ ಘೋಷಣೆಯಾದ ಗುಲಬರ್ಗಾ ವಿಭಾಗ ಕಾಗದದಲ್ಲೇ ಇದೆ. ಪಶ್ಚಿಮಕ್ಕೆ 1884ರ ಹೊತ್ತಿಗೆ ಹೋಟಗಿ–ಗದಗ ಮೀಟರ್ ಗೇಜ್ ಹಳಿ ಬಂತು, ಬಿಜಾಪುರ, ಆಲಮಟ್ಟಿಗಳ ಮೇಲೆ. ಹೀಗೆ ಸಗರನಾಡಿನ ಎಡಕ್ಕೊಂದು ಹಳಿ, ಬಲಕ್ಕೊಂದು ಹಳಿ. ನಡುವೆ ಒಂದೂ ಇಲ್ಲ. ಇವೆರಡನ್ನು ಜೋಡಿಸುವ ಆಲಮಟ್ಟಿ–ಯಾದಗಿರಿ ಮಾರ್ಗದ ಸರ್ವೆ ಒಂದಕ್ಕಿಂತ ಹೆಚ್ಚು ಬಾರಿ ನಡೆದಿದೆ. ಲಾಭವಿಲ್ಲವೆಂಬ ಷರಾ ಬಿದ್ದಿದೆ.

ರೈಲು ಬಾರದ ಸಗರನಾಡಿಗೆ ನೀರು ಬಂತು, ಅದನ್ನು ಹೇಳದೆ ಹೋದರೆ ಕೃತಘ್ನನಾಗುತ್ತೇನೆ. 1982ರಲ್ಲಿ ನಾರಾಯಣಪುರದ ಜಲಾಶಯ ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಎರೆಯನ್ನು ನೆನೆಸಿತು. ಜೋಳದ ನಾಡಿನಲ್ಲಿ ಭತ್ತ ಬಂತು. ಅದರ ಬೆನ್ನಿಗೆ ಜವುಳು, ಸವಳು ಬಂದವು. ಎರೆಮಣ್ಣು ನೀರನ್ನು ಕುಡಿದರೆ ಬಿಡುವುದಿಲ್ಲ. ಬಸಿಗಾಲುವೆ ಇಲ್ಲದ ಕಡೆ ಒಳ್ಳೆಯ ಹೊಲಗಳ ಮೇಲೆ ಉಪ್ಪು ಬಿಳಿಯಾಗಿ ಕೂತಿದೆ. ನೀರು ಮುಟ್ಟದ ಹಳ್ಳಿಗಳಲ್ಲಿ ಗುಳೆ ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ರಾತ್ರಿ ಯಾದಗಿರಿಯ ಸ್ಟೇಷನ್ನಿನಲ್ಲಿ ಕುಳಿತು ನೋಡಿ. ರೊಟ್ಟಿಯ ಗಂಟು, ಪಾತ್ರೆಯ ಚೀಲ, ಕಂಕುಳಲ್ಲಿ ಕೂಸು; ಮುಂಬಯಿಗೆ, ಪುಣೆಗೆ, ಬೆಂಗಳೂರಿಗೆ ಜನರಲ್ ಬೋಗಿಯ ಬಾಗಿಲಲ್ಲಿ ಜೋತುಬಿದ್ದು ಹೋಗುವವರು. ನಾನು ಕಾಲೇಜಿನಲ್ಲಿ ಪಾಠ ಹೇಳಿದ ಹುಡುಗನೊಬ್ಬ ಅಲ್ಲಿ ಸಿಕ್ಕ. ‘ಸರ್, ಊರಾಗ ರೈಲ್ ಬಂದ್ರ ಇಷ್ಟ ದೂರ ಬರೋದು ತಪ್ತಿತ್ತು’ ಎಂದ. ಊರಿಗೇ ರೈಲು ಬಂದರೆ ಅವನು ಊರು ಬಿಡುವುದು ತಪ್ಪುತ್ತಿರಲಿಲ್ಲ, ಸುಲಭವಾಗುತ್ತಿತ್ತು. ಅವನು ಕೇಳಿದ್ದೂ ಅಷ್ಟೇ. ಹಿಂದೆ ಹತ್ತಿ ಹೋದ ಹಳಿಯ ಮೇಲೆ ಈಗ ಹತ್ತಿ ಬಿಡಿಸುವ ಕೈಗಳು ಹೋಗುತ್ತಿವೆ.

ಹಳಿಯ ಬದಿಯಲ್ಲೇ ದುಡಿಮೆ ಕೊಡುತ್ತೇವೆಂಬ ಪ್ರಯೋಗವೂ ನಡೆದಿದೆ. ಯಾದಗಿರಿ ತಾಲ್ಲೂಕಿನ ಕಡೇಚೂರು–ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಸ್ವಾಧೀನವಾಯಿತು. ರೈಲು ಬೋಗಿಯ ಚೌಕಟ್ಟು ಮಾಡುವ ಕಾರ್ಖಾನೆ ಬಂತು. ಅನಂತರ ಬಂದವುಗಳಲ್ಲಿ ರಾಸಾಯನಿಕ, ಔಷಧ ಘಟಕಗಳೇ ಎದ್ದು ಕಾಣುತ್ತವೆ. ಸುತ್ತಲಿನ ಹಳ್ಳಿಗಳವರು ದುರ್ವಾಸನೆಯ ಬಗೆಗೆ, ನೀರಿನ ಬಗೆಗೆ ದೂರುತ್ತಾ ಬಂದಿದ್ದಾರೆ. ಭೂಮಿ ಕೊಟ್ಟವರಲ್ಲಿ ಎಷ್ಟು ಮನೆಗೆ ಕೆಲಸ ಸಿಕ್ಕಿತೆಂದು ಕೇಳಿದರೆ ಆ ಹಳ್ಳಿಗಳಲ್ಲಿ ಜನ ನಗುತ್ತಾರೆ.

ಈಗ ಹೊಸ ಹಳಿಯೊಂದು ನಿಜವಾಗಿಯೂ ಬರುತ್ತಿದೆ. ಗದಗ–ವಾಡಿ ಮಾರ್ಗ. 2025ರ ಮೇ ತಿಂಗಳಲ್ಲಿ ಅದರ ಮೊದಲ ಭಾಗ ಕುಷ್ಟಗಿಯವರೆಗೆ ತೆರೆಯಿತು. ಮುಂದಿನ ದಾರಿ ಲಿಂಗಸುಗೂರು, ಸುರಪುರ, ಶಹಾಪುರ. ನೂರೈವತ್ತು ವರ್ಷ ಬಳಸಿ ಹೋದದ್ದು ಕೊನೆಗೆ ನಡುವೆ ನುಗ್ಗುತ್ತಿದೆ. ನಾನು ಇದನ್ನು ವಿರೋಧಿಸುವುದಿಲ್ಲ. ಈ ಸಭೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೆ ಮುಚ್ಚಿಟ್ಟು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ನಮ್ಮಲ್ಲಿ ಹೆರಿಗೆಗೆ, ಕಿಮೊಥೆರಪಿಗೆ, ಪರೀಕ್ಷೆಗೆ ಜನ ದೂರದ ಊರಿಗೆ ಬಸ್ಸಿನಲ್ಲಿ ನಲುಗಿ ಹೋಗುತ್ತಾರೆ. ಬಯಲಿನಲ್ಲಿ ಹಳಿ ಹಾಕಲು ಮಳೆಕಾಡು ಕಡಿಯಬೇಕಾಗಿಲ್ಲ. ಘಟ್ಟದಲ್ಲಿ ಒಮ್ಮೆ ಸೀಳಿದ ಕಾಡು ಕೂಡಿಕೊಳ್ಳುವುದಿಲ್ಲ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಬಯಲಿಗೆ ಗಾಯವೇ ಆಗದು ಎಂದಲ್ಲ. ಹಳಿಗೆ ಜಲ್ಲಿ ಬೇಕು, ಜಲ್ಲಿ ಗುಡ್ಡದಿಂದಲೇ ಬರಬೇಕು. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಸಾಲುಸಾಲಾಗಿ ನಿಲ್ಲಿಸಿದ ಗುಂಡುಗಳಿವೆ. ಯಾವ ಗುಡ್ಡ ಜಲ್ಲಿಯಾಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಗುತ್ತಿಗೆದಾರನ ಲಾರಿಯ ಡೀಸೆಲ್ ಲೆಕ್ಕ ತೀರ್ಮಾನಿಸಬಾರದು. ಎರಡನೆಯದು ನೀರು. ರೈಲಿನ ಏರಿ ಎಂದರೆ ಮೈಲಿಗಟ್ಟಲೆ ಉದ್ದದ ಒಂದು ಒಡ್ಡು. ನೀರು ಹಾಯುವ ಕಿಂಡಿಗಳು ಸಾಲದಿದ್ದರೆ ಮೇಲ್ಗಡೆ ಹೊಲ ಕೆರೆಯಾಗುತ್ತದೆ, ಕೆಳಗಡೆ ಹಳ್ಳ ಬತ್ತುತ್ತದೆ. ಏರಿಗಳು ನೀರು ಕಟ್ಟಿ ಮಲೇರಿಯಾ ತಂದವೆಂಬ ದೂರು ಬ್ರಿಟಿಷರ ಕಾಲದಿಂದಲೂ ಈ ದೇಶದಲ್ಲಿದೆ. ಮೊದಲೇ ಜವುಳು ಹಿಡಿದ ಕಾಲುವೆಯ ಕೆಳಗಿನ ಎರೆಯಲ್ಲಿ ಇದು ಚಿಕ್ಕ ಮಾತಲ್ಲ.

ಕಳೆದ ವರ್ಷ ನಮ್ಮ ಹೊಲದ ಬದುವಿನಲ್ಲಿ ಕೆಂಪು ಬಣ್ಣ ಬಳಿದ ಕಲ್ಲೊಂದನ್ನು ನೆಟ್ಟರು. ಅಳತೆಗೆ ಬಂದ ಹುಡುಗ ವಿನಯವಂತ. ನನ್ನ ಪರಿಹಾರ ಎಷ್ಟಾಗಬಹುದೆಂದು ತಾನಾಗಿಯೇ ಹೇಳತೊಡಗಿದ. ಅದಿರಲಿ ತಮ್ಮಾ, ಆ ಕಾಣುವ ಹಳ್ಳದ ನೀರು ನಿಮ್ಮ ಏರಿಯನ್ನು ಎಲ್ಲಿ ದಾಟುತ್ತದೆ ತೋರಿಸು ಎಂದೆ. ಅವನು ನಕ್ಷೆಯನ್ನು ಬಿಚ್ಚಿ ಬಹಳ ಹೊತ್ತು ಹುಡುಕಿದ. ಬೇಸಿಗೆಯಾಗಿತ್ತು, ಹಳ್ಳ ಒಣಗಿತ್ತು. ಅವನ ನಕ್ಷೆಯಲ್ಲಿ ಆ ಹಳ್ಳ ಇರಲಿಲ್ಲ. ಪೆನ್ಸಿಲಿನಿಂದ ನಾನೇ ಅದನ್ನು ಎಳೆದು ಕೊಟ್ಟೆ. ಸುರಪುರದಿಂದ ಭೀಮೆಯವರೆಗೆ ಅಂಥ ಹಳ್ಳಗಳನ್ನು ಗುರುತಿಸಿ ಎಳೆಯುವ ಕೆಲಸಕ್ಕೆ ನಾವು ಏಳೆಂಟು ಮಂದಿ ಕೂಡಿದ್ದೇವೆ. ನಿಮ್ಮಲ್ಲಿ ನೀರಿನ ದಾರಿ ಓದಬಲ್ಲವರು, ನಕ್ಷೆ ಬಲ್ಲವರು ಇದ್ದೀರಿ. ಮುಂಗಾರಿಗೆ ಮೊದಲು ಒಂದು ವಾರ ಬಂದು ನಮ್ಮ ಜೊತೆ ನಡೆಯಬಲ್ಲಿರಾ ಎಂದು ಕೇಳಲೆಂದೇ ನಾನು ಇಲ್ಲಿಯವರೆಗೆ ಬಂದದ್ದು. ಯಾದಗಿರಿಯ ಸ್ಟೇಷನ್ನಿನಲ್ಲಿ ಇಳಿಯಿರಿ, ಅಲ್ಲಿಂದ ಬಸ್ಸು.